ಮಾತಿನ ಬೇರು ತುದಿಯಲ್ಲಿದೆ

ಸಂಸ್ಕೃತದ ‘ಅಸ್ಮಿ’ಯಲ್ಲಿ ‘ನಾನು’ ಎಲ್ಲಿ ಅಡಗಿದೆ? ಕನ್ನಡದ ‘ಬಂದೆನು’ವಿನಲ್ಲಿ ಎಲ್ಲಿದೆ? ಪಾಣಿನಿ ಪಟ್ಟಿ ಮಾಡಿದ, ಯುರೋಪಿನ ಪಂಡಿತರು ಮೂಲ ಹುಡುಕಿದ ಕ್ರಿಯಾಪದದ ಪ್ರತ್ಯಯಗಳ ಕಥೆಗೆ ಕೊಯಮತ್ತೂರು ಬಳಿಯ ಅನ್ನೂರಿನ ಕನ್ನಡ ಮನೆಗಳಲ್ಲಿ ಜೀವಂತ ಸಾಕ್ಷಿಯಿದೆ. ಆ ಸಾಕ್ಷಿ ಈಗ ಅಜ್ಜ ಅಜ್ಜಿಯರ ನಾಲಗೆಯ ಮೇಲೆ ಮಾತ್ರ ಉಳಿಯುವ ಹಂತಕ್ಕೆ ಬಂದಿದೆ.

ವಿಜಯದಶಮಿಯ ದಿನ ಕೊಯಮತ್ತೂರಿನ ರಾಜವೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಗಿ ಕಳಚಿದ ಹುಡುಗರು, ನಡುವಯಸ್ಸಿನವರು, ತಲೆ ನೆರೆತವರು ಕತ್ತಿ ಹಿಡಿದು, ವಾದ್ಯದ ಲಯಕ್ಕೆ ಹೆಜ್ಜೆ ಹಾಕುತ್ತ ಎದೆಗೂ ತೋಳಿಗೂ ಬೀಸಿಕೊಳ್ಳುತ್ತಾರೆ. ರಕ್ತ ಚಿಮ್ಮಿದಲ್ಲೆಲ್ಲ ಅರಿಸಿನದ ಪುಡಿ ಬೀಳುತ್ತದೆ. ಮೈ ಹಳದಿ, ಬೀದಿ ಹಳದಿ.

ಇವರು ದೇವಾಂಗರು, ನೇಕಾರರು. ರಾಮಲಿಂಗ ಸೌಡಾಂಬಿಕೆ ಗುಡಿಗೆ ತಾಯಿ ಚೌಡೇಶ್ವರಿಯನ್ನು ಕರೆತರುವ ‘ವೀರಕುಮಾರರು’. ಅವರ ಗಂಟಲಿನಿಂದ ಹೊರಡುವ ಕೂಗು: ‘ತೀಸುಕೋ!’

ಮನೆಯಲ್ಲಿ ಇವರಲ್ಲಿ ಬಹುಮಂದಿಯ ಮಾತು ಕನ್ನಡ. ಬೀದಿಯಲ್ಲಿ ತಮಿಳು. ದೇವಿಯ ಮುಂದೆ ಆಡಿದ್ದು ತೆಲುಗು. ಆದರೂ ಯಾರೂ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ತೆಲುಗಿನ ‘ತೀಸುಕೋ’, ಕನ್ನಡದ ‘ತೆಗೆದುಕೋ’, ತಮಿಳಿನ ‘ಎಡುತ್ತುಕ್ಕೊಳ್’, ಮೂರರ ತುದಿಯಲ್ಲೂ ಒಂದೇ ಅಕ್ಷರ ನಿಂತಿದೆ: ‘ಕೊ’. ತಾಯೇ, ಇದು ನಿನಗೆ, ನಿನಗಾಗಿ ಸ್ವೀಕರಿಸು ಎಂಬ ಭಾವವನ್ನೆಲ್ಲ ಹೊತ್ತಿರುವುದು ಆ ಒಂದಕ್ಷರ.

ಫಲ ಯಾರಿಗೆ?

ಅಡುಗೆ ಮಾಡಿದ, ಅಡುಗೆ ಮಾಡಿಕೊಂಡ. ಹೂ ಮುಡಿಸಿದಳು, ಹೂ ಮುಡಿದುಕೊಂಡಳು. ಕನ್ನಡದ ಮಗು ಈ ವ್ಯತ್ಯಾಸವನ್ನು ಚಿಕ್ಕಂದಿನಲ್ಲೇ ಕಲಿಯುತ್ತದೆ. ಮೊದಲನೆಯದರಲ್ಲಿ ಕೆಲಸದ ಫಲ ಯಾರಿಗಾದರೂ ಹೋಗಬಹುದು. ಎರಡನೆಯದರಲ್ಲಿ ಮಾಡಿದವರಿಗೇ ಮರಳುತ್ತದೆ.

ಇದೇ ವ್ಯತ್ಯಾಸವನ್ನು ಸಂಸ್ಕೃತ ಕ್ರಿಯಾಪದದ ತುದಿಯಲ್ಲಿ ಹೇಳುತ್ತಿತ್ತು. ‘ಪಚತಿ’ ಎಂದರೆ ಬೇರೆಯವರಿಗಾಗಿ ಬೇಯಿಸುತ್ತಾನೆ, ‘ಪಚತೇ’ ಎಂದರೆ ತನಗಾಗಿ. ದಕ್ಷಿಣೆ ಪಡೆದು ಯಜ್ಞ ಮಾಡಿಸುವ ಪುರೋಹಿತನಿಗೆ ‘ಯಜತಿ’, ಫಲ ಬಯಸಿ ಮಾಡಿಸಿಕೊಳ್ಳುವವನಿಗೆ ‘ಯಜತೇ’. ಮೊದಲನೆಯದು ಪರಸ್ಮೈಪದ, ಎರಡನೆಯದು ಆತ್ಮನೇಪದ. ಕ್ರಿಯೆಯ ಫಲ ಕರ್ತೃವಿಗೇ ಸೇರುವಾಗ ಆತ್ಮನೇಪದ ಬರುತ್ತದೆ ಎಂದು ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲೇ ನಿಯಮ ಹಾಕಿದ. ಎಲ್ಲ ಧಾತುಗಳಿಗೂ ಈ ಆಯ್ಕೆ ಇರಲಿಲ್ಲ. ಕಾಲ ಸರಿದಂತೆ ಈ ಸೂಕ್ಷ್ಮ ಬಳಕೆಯಲ್ಲಿ ಮಸುಕಾಯಿತು.

ಆದರೆ ಒಂದು ಪದ ನಮ್ಮ ಮನೆಯೊಳಗೇ ಉಳಿದಿದೆ: ಯಜಮಾನ. ಯಜ್ ಧಾತುವಿಗೆ ಆತ್ಮನೇಪದದ ‘ಮಾನ’ ಸೇರಿ ಆದ ರೂಪವದು. ತನಗಾಗಿ ಯಜ್ಞ ಮಾಡಿಸಿಕೊಳ್ಳುವವನು ಎಂಬುದು ಮೂಲದ ಅರ್ಥ. ‘ನಮ್ಮ ಯಜಮಾನರು ಊರಲ್ಲಿಲ್ಲ’ ಎನ್ನುವ ಗೃಹಿಣಿ ಸಾವಿರಾರು ವರ್ಷ ಹಳೆಯ ಕ್ರಿಯಾಪ್ರತ್ಯಯವೊಂದನ್ನು ಉಚ್ಚರಿಸುತ್ತಿದ್ದಾಳೆ.

ಸಂಸ್ಕೃತದ ‘ತೇ’ ಎಲ್ಲಿಂದ ಹುಟ್ಟಿತು ಎಂದು ನೋಡಿದ ಕೂಡಲೇ ತಿಳಿಯುವುದಿಲ್ಲ. ಕನ್ನಡದ ‘ಕೊ’ ಎಲ್ಲಿಂದ ಬಂತು ಎಂಬುದು ಮಾತ್ರ ಹಗಲಿನಷ್ಟು ಸ್ಪಷ್ಟ. ‘ಕೊಳ್’ ಎಂಬ ಸ್ವತಂತ್ರ ಕ್ರಿಯಾಪದ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡಿತು. ತೆಗೆದುಕೊಳ್ಳು, ತೆಗೆದುಕೊ, ಕೊನೆಗೆ ‘ತಗೊ’ ಎಂದು ಸವೆಯಿತು. ಒಂದು ಪೂರ್ತಿ ಪದ ಸವೆದು ಪ್ರತ್ಯಯವಾಗುವ ದಾರಿ ಇಲ್ಲಿ ನಮ್ಮ ಕಣ್ಣೆದುರೇ ಬಿಚ್ಚಿಕೊಂಡಿದೆ.

ಪಾಣಿನಿಯ ಹದಿನೆಂಟು

ಕ್ರಿಸ್ತಪೂರ್ವ ನಾಲ್ಕೈದನೆಯ ಶತಮಾನ. ಇಂದಿನ ಪಾಕಿಸ್ತಾನದ ಅಟಕ್ ಬಳಿಯ ಶಲಾತುರದ ಪಾಣಿನಿ ಸಂಸ್ಕೃತದ ಕ್ರಿಯಾಪ್ರತ್ಯಯಗಳನ್ನೆಲ್ಲ ಒಂದೇ ಸೂತ್ರದಲ್ಲಿ ಕಟ್ಟಿಟ್ಟ. ಪರಸ್ಮೈಪದಕ್ಕೆ ಒಂಬತ್ತು, ಆತ್ಮನೇಪದಕ್ಕೆ ಒಂಬತ್ತು, ಒಟ್ಟು ಹದಿನೆಂಟು. ಮೂರು ಪುರುಷ, ಮೂರು ವಚನ. ಮೊದಲನೆಯ ‘ತಿಪ್’ನ ‘ತಿ’ ಮತ್ತು ಕೊನೆಯ ‘ಮಹಿಙ್’ನ ‘ಙ್’ ಸೇರಿಸಿ ಇಡೀ ಗುಂಪಿಗೆ ‘ತಿಙ್’ ಎಂದು ಹೆಸರಿಟ್ಟ. ಕಾಲ, ಆಜ್ಞೆ, ಹಾರೈಕೆಗಳನ್ನು ಸೂಚಿಸುವ ಹತ್ತು ಲಕಾರಗಳಲ್ಲಿ ಹರಡುವ ಸಾವಿರಾರು ರೂಪಗಳಿಗೆಲ್ಲ ಈ ಹದಿನೆಂಟೇ ಮೂಲ ಸಾಮಗ್ರಿ.

ಪಾಣಿನಿ ಕಟ್ಟಿದ್ದು ರೂಪಗಳನ್ನು ಉತ್ಪಾದಿಸುವ ಯಂತ್ರ. ‘ತಿ’ ಹುಟ್ಟಿದ್ದು ಎಲ್ಲಿಂದ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆ ಎದ್ದದ್ದು ಎರಡು ಸಾವಿರ ವರ್ಷಗಳ ಬಳಿಕ.

> ಬಾಕ್ಸ್ 1: ನಮ್ಮ ಬಾಯಲ್ಲಿ ತಿಙ್
>
> ತಥಾಸ್ತು, ಶುಭಮಸ್ತು: ಇವುಗಳ ‘ಅಸ್ತು’ವಿನ ತುದಿಯ ‘ತು’ ಆಜ್ಞೆ, ಹಾರೈಕೆಗಳ ಲೋಟ್ ಲಕಾರದ್ದು.
>
> ಆಸ್ತಿಕ, ನಾಸ್ತಿಕ: ‘ಅಸ್ತಿ’, ‘ನಾಸ್ತಿ’ ಎಂಬ ರೂಪಗಳ ಮೇಲೇ ಇನ್ನೊಂದು ಪ್ರತ್ಯಯ ಕೂತು ಆದ ಪದಗಳು.
>
> ಭವತಿ ಭಿಕ್ಷಾಂ ದೇಹಿ: ಉಪನಯನದ ವಟು ಹೇಳುವ ಈ ಮಾತಿನಲ್ಲಿ ‘ಭವತಿ’ ಕ್ರಿಯಾಪದವಲ್ಲ, ‘ಪೂಜ್ಯಳೇ’ ಎಂಬ ಸಂಬೋಧನೆ. ಕ್ರಿಯಾಪದ ಇರುವುದು ‘ದೇಹಿ’.
>
> ವರ್ತಮಾನ, ವಿದ್ಯಮಾನ: ಯಜಮಾನನ ಒಡಹುಟ್ಟುಗಳು. ಎಲ್ಲದರಲ್ಲೂ ಆತ್ಮನೇಪದದ ‘ಮಾನ’.

1816ರ ಎರಡು ಹೊತ್ತಗೆ

1786ರ ಫೆಬ್ರುವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳೂ ವ್ಯಾಕರಣ ರೂಪಗಳೂ ಎಷ್ಟು ಹೋಲುತ್ತವೆಂದರೆ, ಅವೆಲ್ಲ ಒಂದೇ ಮೂಲದಿಂದ ಬಂದಿರಲೇಬೇಕು ಎಂದರು.

ಆ ಮಾತಿಗೆ ಪುರಾವೆ ಕಟ್ಟಿಕೊಟ್ಟವರು ಜರ್ಮನಿಯ ಫ್ರಾನ್ಜ್ ಬಾಪ್. ಪ್ಯಾರಿಸ್‌ನಲ್ಲಿ ಸಂಸ್ಕೃತ ಕಲಿತ ಈ ಯುವಕ 1816ರಲ್ಲಿ ಹೊರತಂದ ಹೊತ್ತಗೆಯ ವಿಷಯವೇ ಸಂಸ್ಕೃತದ ಕ್ರಿಯಾರೂಪಗಳು. ‘ಇದ್ದೇನೆ’ ಎನ್ನಲು ಸಂಸ್ಕೃತದಲ್ಲಿ ಅಸ್ಮಿ, ಗ್ರೀಕ್‌ನಲ್ಲಿ ಏಮಿ, ಲಿಥುವೇನಿಯಾದ ಹಳೆಯ ಮಾತಿನಲ್ಲಿ ಎಸ್ಮಿ. ‘ಇದೆ’ ಎನ್ನಲು ಅಸ್ತಿ, ಎಸ್ತಿ, ಲ್ಯಾಟಿನ್‌ನಲ್ಲಿ ಎಸ್ತ್. ಇಂಗ್ಲಿಷಿನ ‘ಆಮ್’ ತುದಿಯಲ್ಲಿರುವ ‘ಮ್’ ಕೂಡ ಇದೇ ‘ಮಿ’ಯ ಉಳಿಕೆ.

ಬಾಪ್ ಅಲ್ಲಿಗೇ ನಿಲ್ಲಲಿಲ್ಲ. ಈ ಪ್ರತ್ಯಯಗಳು ಒಂದು ಕಾಲದಲ್ಲಿ ಸರ್ವನಾಮಗಳಾಗಿದ್ದವು ಎಂದು ವಾದಿಸಿದರು. ‘ಮಿ’ಯಲ್ಲಿ ‘ಮಾಮ್, ಮಮ’ಗಳ ಮಕಾರ, ‘ತಿ’ಯಲ್ಲಿ ‘ತತ್’ನ ತಕಾರ. ‘ನಾನು’ ಎಂಬ ಪದ ಕ್ರಿಯಾಪದಕ್ಕೆ ಅಂಟಿ, ಸವೆದು, ‘ಮಿ’ ಆಯಿತು ಎಂಬುದು ಅವರ ಲೆಕ್ಕ. ‘ಮಿ’ಯ ವಿಷಯದಲ್ಲಿ ಈ ಊಹೆಗೆ ಇಂದಿಗೂ ಬಲವಿದೆ. ‘ಸಿ’, ‘ತಿ’ಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಅದೇ 1816. ಮದ್ರಾಸಿನಲ್ಲಿ ಎ.ಡಿ. ಕ್ಯಾಂಬೆಲ್ ಅವರ ತೆಲುಗು ವ್ಯಾಕರಣ ಅಚ್ಚಾಯಿತು. ಅದರ ಪೀಠಿಕೆಗೆ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನ ಸ್ಥಾಪಕ, ಮದ್ರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಂದು ಟಿಪ್ಪಣಿ ಸೇರಿಸಿದರು. ತೆಲುಗು, ತಮಿಳು, ಕನ್ನಡಗಳ ಧಾತುಗಳನ್ನು ಸಂಸ್ಕೃತದ ಧಾತುಗಳ ಪಕ್ಕದಲ್ಲಿಟ್ಟು, ದಕ್ಷಿಣದ ಭಾಷೆಗಳು ಒಂದೇ ಕುಟುಂಬದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ತೋರಿಸಿದರು. ಒಂದೇ ವರ್ಷ ಒಂದು ಪುಸ್ತಕ ಸಂಸ್ಕೃತದ ನೆಂಟರನ್ನು ಯುರೋಪಿನಲ್ಲಿ ಗುರುತಿಸಿತು, ಇನ್ನೊಂದು ಕನ್ನಡದ ನೆಂಟರನ್ನು ದಕ್ಷಿಣದಲ್ಲಿ ಗುರುತಿಸಿತು. ಮೊದಲನೆಯದಕ್ಕೆ ಲೋಕಖ್ಯಾತಿ ಸಿಕ್ಕಿತು. ಎರಡನೆಯದನ್ನು ಜನ ಮರೆತೇ ಬಿಟ್ಟರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗಲಷ್ಟೇ ಆ ಸತ್ಯ ಗಟ್ಟಿಯಾಗಿ ನೆಲೆಯೂರಿತು.

‘ಇ’ ಎಂದರೆ ಈಗ

ಸಂಸ್ಕೃತದ ಪ್ರತ್ಯಯಗಳಲ್ಲಿ ಇನ್ನೊಂದು ಸೋಜಿಗವಿದೆ. ವರ್ತಮಾನದಲ್ಲಿ ಭವಾಮಿ, ಭವಸಿ, ಭವತಿ. ಭೂತದಲ್ಲಿ ಅಭವಮ್, ಅಭವಸ್, ಅಭವತ್. ತುದಿಯ ‘ಇ’ ಕಾಣೆ.

ಪಾಣಿನಿ ‘ಮಿ, ಸಿ, ತಿ’ಗಳಿಂದ ಹೊರಟು, ಕೆಲವು ಲಕಾರಗಳಲ್ಲಿ ಆ ಇಕಾರ ಲೋಪವಾಗುತ್ತದೆ ಎಂದು ವಿಧಿಸಿದ. ಇಂದಿನ ಭಾಷಾವಿಜ್ಞಾನಿಗಳು ಅದೇ ಸಂಗತಿಯನ್ನು ಎದುರು ದಿಕ್ಕಿನಿಂದ ನೋಡುತ್ತಾರೆ. ಮೂಲ ಪ್ರತ್ಯಯ ಬರೀ ‘ಮ್, ಸ್, ತ್’. ‘ಈಗ, ಇಲ್ಲಿ’ ಎಂಬ ಅರ್ಥ ಕೊಡಲು ಅದಕ್ಕೆ ‘ಇ’ ಸೇರಿತು ಎನ್ನುತ್ತಾರೆ. ರೂಪ ಕಟ್ಟುವವನಿಗೆ ಲೋಪ ಸುಲಭ, ಚರಿತ್ರೆ ಬರೆಯುವವನಿಗೆ ಸೇರ್ಪಡೆ ಸಹಜ. ಎರಡೂ ಕಡೆಯವರು ಕಂಡ ಕೀಲು ಮಾತ್ರ ಒಂದೇ. ಇಪ್ಪತ್ತಕ್ಕೂ ಹೆಚ್ಚು ಶತಮಾನಗಳ ಅಂತರದಲ್ಲಿ ಇಬ್ಬರೂ ಅದೇ ಜಾಗದಲ್ಲಿ ಪದವನ್ನು ಬಿಡಿಸಿದ್ದು ಪಾಣಿನಿಯ ಕಣ್ಣು ಎಷ್ಟು ತೀಕ್ಷ್ಣವಾಗಿತ್ತು ಎಂಬುದಕ್ಕೆ ಪ್ರಮಾಣ.

ಬಾಪ್ ಊಹಿಸಿದ್ದು, ಅಜ್ಜಿ ಆಡುವುದು

ಈಗ ಅನ್ನೂರಿಗೆ ಬರೋಣ. ಕೊಯಮತ್ತೂರಿನಿಂದ ಈಶಾನ್ಯಕ್ಕೆ ಸುಮಾರು 30 ಕಿಲೋಮೀಟರ್. ಮನ್ನೀಶ್ವರರ್ ಗುಡಿಯ ಊರು. ಇಲ್ಲಿಂದ ಹೊರಟ ಹೆದ್ದಾರಿ ಪುಳಿಯಂಪಟ್ಟಿ, ಸತ್ಯಮಂಗಲ ದಾಟಿ ದಿಂಬಂ ಘಟ್ಟದ 27 ತಿರುವು ಏರಿ ಚಾಮರಾಜನಗರಕ್ಕೆ ಮುಟ್ಟುತ್ತದೆ. ತಲೆಮಾರುಗಳ ಹಿಂದೆ ಘಟ್ಟ ಇಳಿದು ಬಂದ ಒಕ್ಕಲಿಗ ಗೌಡರ, ದೇವಾಂಗರ ಮನೆಗಳು ಈ ಸೀಮೆಯಲ್ಲಿ ಹರಡಿವೆ. ಹೊಲದವರು ಹೊಲದಲ್ಲಿ, ಮಗ್ಗದವರು ಮಗ್ಗದಲ್ಲಿ ಕನ್ನಡ ಉಳಿಸಿಕೊಂಡು ಬಂದರು. ಓದು, ಬರಹ, ಸಂತೆ, ಕಚೇರಿ ಎಲ್ಲವೂ ತಮಿಳಿನಲ್ಲಿ. ಕನ್ನಡ ಅಕ್ಷರ ಬಾರದ, ಕನ್ನಡ ಮಾತು ಮರೆಯದ ಮನೆಗಳಿವು.

ಅಂಥ ಮನೆಯ ಅಜ್ಜಿ ‘ಅವನು ಬಂದನು’, ‘ಅವಳು ಬಂದಳು’, ‘ಅವರು ಬಂದರು’ ಎಂಬ ಮಾತನ್ನು ತನ್ನ ಆಡುನುಡಿಯ ರೂಪದಲ್ಲಿ ಆಡುವಾಗ ಬಾಪ್ ಗ್ರಂಥಾಲಯದಲ್ಲಿ ಕೂತು ಊಹಿಸಿದ್ದು ಆಕೆಯ ತುಟಿಯ ಮೇಲಿರುತ್ತದೆ. ಅವನು, ಬಂದನು: ಎರಡರಲ್ಲೂ ‘ಅನು’. ಅವಳು, ಬಂದಳು: ಎರಡರಲ್ಲೂ ‘ಅಳು’. ಅವರು, ಬಂದರು: ಎರಡರಲ್ಲೂ ‘ಅರು’. ಸರ್ವನಾಮ ಕ್ರಿಯಾಪದಕ್ಕೆ ಅಂಟಿದ ಗುರುತು ಅಳಿಸಿಯೇ ಇಲ್ಲ.

ಹಳಗನ್ನಡದಲ್ಲಿ ಇದು ಇನ್ನೂ ನಿಚ್ಚಳ. ‘ಎನ್ನ’ ಎಂಬಲ್ಲಿರುವ ‘ಎನ್’ಗೂ ‘ಬಂದೆಂ’ ಎಂಬಲ್ಲಿರುವ ‘ಎಂ’ಗೂ ನಂಟು ಹೇಳಲು ಪಂಡಿತರೇ ಬೇಕಿಲ್ಲ. ಸುಮಾರು 1260ರ ಕಾಲದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಈ ಆಖ್ಯಾತ (ಕ್ರಿಯಾಪದದ) ಪ್ರತ್ಯಯಗಳನ್ನು ಆರಕ್ಕೆ ಇಳಿಸಿದ: ಅಂ, ಅರ್, ಅಯ್, ಇರ್, ಎಂ, ಎವು. ಸಂಸ್ಕೃತದ ಎರಡು ಪದಗಳಲ್ಲಿ ಒಂದೊಂದಕ್ಕೂ ಒಂಬತ್ತು, ಕನ್ನಡಕ್ಕೆ ಆರೇ, ಏಕೆಂದರೆ ನಮ್ಮಲ್ಲಿ ದ್ವಿವಚನವಿಲ್ಲ. ‘ಅವನು’ ಪ್ರಥಮ ಪುರುಷ, ‘ನಾನು’ ಉತ್ತಮ ಪುರುಷ ಎಂಬ ಕ್ರಮವನ್ನು ಸಂಸ್ಕೃತದಿಂದ ತಂದ. ಪ್ರತ್ಯಯಗಳನ್ನು ಮಾತ್ರ ಕನ್ನಡದ ನೆಲದಿಂದಲೇ ಎತ್ತಿಕೊಂಡ. 1604ರಲ್ಲಿ ಭಟ್ಟಾಕಳಂಕ ಕರ್ಣಾಟಕ ಶಬ್ದಾನುಶಾಸನವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದಾಗಲೂ ಸೂತ್ರ ಸಂಸ್ಕೃತ, ಪ್ರತ್ಯಯ ಕನ್ನಡ.

ಸಂಸ್ಕೃತಕ್ಕೂ ಕನ್ನಡಕ್ಕೂ ಇರುವ ದೊಡ್ಡ ಅಂತರವೂ ಇಲ್ಲೇ ತೋರುತ್ತದೆ. ‘ಗಚ್ಛತಿ’ ಎಂದರೆ ಹೋಗುವುದು ಗಂಡೋ ಹೆಣ್ಣೋ ದನವೋ ತಿಳಿಯದು. ಕನ್ನಡದಲ್ಲಿ ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ. ನಮ್ಮ ಪ್ರತ್ಯಯಗಳು ‘ಅವನು, ಅವಳು, ಅದು’ಗಳ ಮಕ್ಕಳು. ಆ ಸರ್ವನಾಮಗಳಲ್ಲಿದ್ದ ಲಿಂಗಭೇದ ಕ್ರಿಯಾಪದಕ್ಕೂ ಇಳಿದು ಬಂತು.

> ಬಾಕ್ಸ್ 2: ಘಟ್ಟದ ಆಚೆ ಈಚೆ
>
> ನಾನು: ಕನ್ನಡ ಬಂದೆನು, ತಮಿಳು ವಂದೇನ್
>
> ಅವನು: ಬಂದನು, ವಂದಾನ್
>
> ಅವಳು: ಬಂದಳು, ವಂದಾಳ್
>
> ನಾವು: ಬಂದೆವು, ವಂದೋಮ್
>
> ಅವರು: ಬಂದರು, ವಂದಾರ್‌ಗಳ್
>
> ಮಲಯಾಳದಲ್ಲಿ ಎಲ್ಲರಿಗೂ ಒಂದೇ: ವನ್ನು. ಒಂದು ಕಾಲದಲ್ಲಿ ಇದ್ದ ಪುರುಷ ಪ್ರತ್ಯಯಗಳನ್ನು ಆ ಭಾಷೆ ಕೈಬಿಟ್ಟಿತು.

ಹಲ್ಮಿಡಿಯ ಸಾಕ್ಷಿ

ಪದಗಳು ಸುಲಭವಾಗಿ ಊರು ಬದಲಿಸುತ್ತವೆ. ಕನ್ನಡ ಸಂಸ್ಕೃತದಿಂದ ತಂದ ಪದಗಳಿಗೆ ಲೆಕ್ಕವಿಲ್ಲ. ಆದರೆ ಸಂಸ್ಕೃತದ ಒಂದೇ ಒಂದು ತಿಙ್ ಪ್ರತ್ಯಯವನ್ನೂ ಕನ್ನಡ ತನ್ನ ಕ್ರಿಯಾಪದಕ್ಕೆ ಹಚ್ಚಲಿಲ್ಲ. ‘ರಕ್ಷತಿ’ ನಮ್ಮದಾಗಲಿಲ್ಲ. ‘ರಕ್ಷೆ’ಗೆ ನಮ್ಮ ‘ಇಸು’ ಹಚ್ಚಿ ‘ರಕ್ಷಿಸು’ ಮಾಡಿಕೊಂಡೆವು, ಅದಕ್ಕೆ ನಮ್ಮದೇ ಬಾಲ ಕಟ್ಟಿ ‘ರಕ್ಷಿಸಿದನು’ ಎಂದೆವು. ಪ್ರೀತಿಸು, ಚಿಂತಿಸು, ಭಾವಿಸು, ಎಲ್ಲವೂ ಹಾಗೆಯೇ ಆದವು. ‘ತಥಾಸ್ತು’, ‘ದೇಹಿ’ಗಳು ಬಂದವು ನಿಜ. ಹೆಪ್ಪುಗಟ್ಟಿದ ಗುಳಿಗೆಗಳಂತೆ ಬಂದವು, ಇಲ್ಲಿ ಚಿಗುರಲಿಲ್ಲ.

ಇದಕ್ಕೆ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದೇ ಸಾಕ್ಷಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ 16 ಸಾಲಿನ ಶಾಸನ ಅದು. ಅದರ ಪದಗಳಲ್ಲಿ ಹೆಚ್ಚಿನವು ಸಂಸ್ಕೃತ. ಆದರೆ ದಾನ ಕೊಟ್ಟ ಸಂಗತಿ ಹೇಳುವಾಗ ಬರುವ ಕ್ರಿಯಾಪದ ‘ಕೊಟ್ಟಾರ್’ ಎಂಬಂಥದ್ದು. ಆ ‘ಆರ್’ ಇದ್ದುದರಿಂದಲೇ ಅದು ಕನ್ನಡ ಶಾಸನ.

ಅನ್ನೂರಿನ ಮನೆಮಾತಿಗೂ ಅದೇ ಅಳತೆಗೋಲು. ಅಲ್ಲಿ ಸಂಸ್ಕೃತದ ಜಾಗದಲ್ಲಿ ತಮಿಳಿದೆ, ಅಷ್ಟೇ ವ್ಯತ್ಯಾಸ. ‘ಪಳ್ಳಿಕೂಡಕ್ಕೆ ಹೋದ’ ಎಂದರೆ ಶಾಲೆಯ ಹೆಸರು ತಮಿಳಾದರೂ ಮಾತು ಕನ್ನಡವೇ. ‘ಪೋನಾನ್’ ಎಂದ ಗಳಿಗೆಯಲ್ಲಿ ಮಾತು ತಮಿಳಿನದಾಗುತ್ತದೆ. ಬೇರೆ ಬೇರೆ ಪದಗಳು ಬಂದು ಸೇರುವುದರಿಂದ ಯಾವ ಭಾಷೆಯೂ ಸಾಯುವುದಿಲ್ಲ. ಮಲಯಾಳದಂತೆ ತನ್ನ ದಾರಿಯಲ್ಲಿ ತಾನೇ ಪ್ರತ್ಯಯ ಕಳಚಿಕೊಂಡ ಭಾಷೆಯೂ ಸಾಯಲಿಲ್ಲ. ತನ್ನ ಪ್ರತ್ಯಯದ ಜಾಗಕ್ಕೆ ಇನ್ನೊಂದು ಭಾಷೆಯ ಪ್ರತ್ಯಯ ಬಂದು ಕೂತಾಗ ಮಾತ್ರ ಆ ಮನೆಯಲ್ಲಿ ಭಾಷೆ ಮುಗಿಯುತ್ತದೆ.

ಅದು ಈಗ ನಡೆಯುತ್ತಿದೆ. ‘ಊಟ ಆಯ್ತಾ ಕಣ್ಣು?’ ಎಂದು ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ. ‘ಸಾಪ್ಟೇನ್ ಪಾಟಿ’ ಎಂದು ಮೊಮ್ಮಗ ತಮಿಳಿನಲ್ಲಿ ಉತ್ತರಿಸುತ್ತಾನೆ. ಅವನಿಗೆ ಕನ್ನಡ ಅರ್ಥವಾಗುತ್ತದೆ. ‘ಉಂಡೆ’ ಎಂದು ಹೇಳುವ ಅಭ್ಯಾಸ ಮಾತ್ರ ಹೋಗಿದೆ. ಗಡಿಯಾಚೆಯ ಹಲವು ಕನ್ನಡ ಮನೆಗಳಲ್ಲಿ ಸಂಜೆಯ ಸಂಭಾಷಣೆ ನಡೆಯುವುದು ಹೀಗೆಯೇ.

> ಬಾಕ್ಸ್ 3: ಕೊಂಗುನಾಡಿನ ಕನ್ನಡ ಹೆಜ್ಜೆ
>
> ಡಣಾಯಕನ ಕೋಟೆ: ಹೊಯ್ಸಳರ ದಂಡನಾಯಕರು ಕಟ್ಟಿಸಿದ ಕೋಟೆ ಇಂದು ಭವಾನಿಸಾಗರ ಜಲಾಶಯದೊಳಗಿದೆ. ನೀರು ಇಳಿದಾಗ ಗುಡಿ ಕಾಣಿಸಿಕೊಳ್ಳುತ್ತದೆ.
>
> 1799: ಟಿಪ್ಪು ಮಡಿದ ಬಳಿಕ ಕೊಯಮತ್ತೂರು ಮೈಸೂರಿನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು.
>
> 1956: ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು.
>
> 2011: ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು 12 ಲಕ್ಷಕ್ಕೂ ಹೆಚ್ಚು.

ಏನು ಮಾಡಬೇಕು?

ತಮಿಳು ಕಲಿಯುವುದರಲ್ಲಿ ತಪ್ಪೇನಿಲ್ಲ. ಅದು ಅಲ್ಲಿನ ಅನ್ನದ ಭಾಷೆ, ನೆರೆಹೊರೆಯ ಭಾಷೆ, ಕನ್ನಡದ ಒಡಹುಟ್ಟು. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಶಾಲೆಗಳಲ್ಲಿ ಅದು ಕಡ್ಡಾಯ. ತಾಳವಾಡಿ, ಹೊಸೂರು ಸೀಮೆಯಲ್ಲಿ ಕನ್ನಡ ಶಾಲೆಗಳ ಆಸರೆಯಾದರೂ ಇದೆ. ಅನ್ನೂರು ಸೀಮೆಯ ಕನ್ನಡಕ್ಕೆ ಮನೆಯೊಂದೇ ಶಾಲೆ.

ಆದ್ದರಿಂದ ಎರಡು ಕೆಲಸ ತುರ್ತಾಗಿ ಆಗಬೇಕು. ಮೊದಲನೆಯದು ದಾಖಲೆ. 1969ರಿಂದ ಮೈಸೂರಿನಲ್ಲಿರುವ ಭಾರತೀಯ ಭಾಷಾ ಸಂಸ್ಥಾನ, ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಅನ್ನೂರು, ಸಿರುಮುಗೈ, ಕಾರಮಡೈ ಸುತ್ತಲಿನ ಹಿರಿಯರ ಮಾತನ್ನು ಧ್ವನಿಮುದ್ರಿಸಬೇಕು. ಪದಕೋಶ ಮಾಡಿ ಸುಮ್ಮನಾದರೆ ಸಾಲದು. ನಾನು, ನೀನು, ಅವನು, ಅವಳು, ಅದು, ನಾವು, ನೀವು, ಅವರು, ಅವು ಎಂದು ಒಂಬತ್ತೂ ಬಗೆಯಲ್ಲಿ, ಆದದ್ದು, ಆಗುತ್ತಿರುವುದು, ಆಗಲಿರುವುದು, ಆಗದೇ ಉಳಿದದ್ದು ಎಂದು ಎಲ್ಲ ರೀತಿಯಲ್ಲಿ ಕ್ರಿಯಾರೂಪಗಳನ್ನು ಸಂಗ್ರಹಿಸಬೇಕು. ಕನ್ನಡದ ಚರಿತ್ರೆ ಬರೆಯುವವರಿಗೆ ಅದು ಶಾಸನದಷ್ಟೇ ಬೆಲೆಯುಳ್ಳ ಸಾಮಗ್ರಿ.

ಎರಡನೆಯದು ಮನೆಯವರ ಕೈಯಲ್ಲಿದೆ. ಮಕ್ಕಳು ತಮಿಳು ಪದ, ಇಂಗ್ಲಿಷ್ ಪದ ಬೆರೆಸಿದರೆ ತಿದ್ದಿ ಬೇಸರಿಸಬೇಡಿ. ಬಸ್ಸು, ಪಳ್ಳಿಕೂಡ, ಹೋಂವರ್ಕ್ ಎಲ್ಲವೂ ಇರಲಿ. ವಾಕ್ಯದ ಕೊನೆಯ ಪದವನ್ನು ಮಾತ್ರ ಕನ್ನಡದಲ್ಲೇ ಮುಗಿಸಲು ಕಲಿಸಿ. ಬಂದೆ, ಉಂಡೆ, ಓದಿದೆ, ಹೋಗುತ್ತೇನೆ ಎಂದು ಮಗು ಹೇಳುವವರೆಗೆ ಆ ಮನೆಯಲ್ಲಿ ಕನ್ನಡ ಇದ್ದೇ ಇರುತ್ತದೆ. ಬೆಂಗಳೂರಿನ ಮನೆಗಳಿಗೂ, ಅಮೆರಿಕದ ಮನೆಗಳಿಗೂ ಇದೇ ಮಾತು ಅನ್ವಯ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ಕನ್ನಡದಲ್ಲಿ ಕೇಳಿ. ಉತ್ತರ ಕನ್ನಡದ ಕ್ರಿಯಾಪದದಲ್ಲಿ ಬರುವವರೆಗೆ ಕಾಯಿರಿ.